ಮೂಳೆಗಡ್ಡೆಯ ಅಂಚಿನಲ್ಲಿ ಕಾಣುವುದೇನು?

ಮೂಳೆಯಲ್ಲಿ ಗಡ್ಡೆಯಿರಬಹುದೆಂಬ ಅನುಮಾನ ಬಂದೊಡನೆ ಮನೆಯವರು ಎಂಆರ್‌ಐ ಮಾಡಿಸಬೇಕೇ ಎಂದು ವಿಚಾರಿಸುತ್ತಾರೆ. ದುಬಾರಿ ಪರೀಕ್ಷೆಯೇ ಹೆಚ್ಚು ತಿಳಿಸುತ್ತದೆ ಎಂಬ ನಂಬಿಕೆ ಸಹಜವಾದದ್ದೇ. ಆದರೆ ಗಡ್ಡೆ ಯಾವ ಬಗೆಯದೆಂದು ಊಹಿಸಲು ಇಂದಿಗೂ ಹೆಚ್ಚಿನ ಸುಳಿವು ಕೊಡುವುದು 1895ರಲ್ಲಿ ರಾಂಟ್‌ಜನ್ ಕಂಡುಹಿಡಿದ ಕಿರಣಗಳಿಂದ ತೆಗೆಯುವ ಸಾಧಾರಣ ಎಕ್ಸ್‌ರೇ ಚಿತ್ರ.

ಮೂಳೆ ಕಲ್ಲಿನಂತೆ ಜಡವಲ್ಲ. ಅದು ಸದಾ ಕರಗುತ್ತ, ಮತ್ತೆ ಕಟ್ಟಿಕೊಳ್ಳುತ್ತ ಇರುವ ಜೀವಂತ ಅಂಗಾಂಶ. ಹೊಲಕ್ಕೆ ನೀರು ನಿಧಾನವಾಗಿ ಏರಿ ಬಂದರೆ ಬದು ಕಟ್ಟಲು ರೈತನಿಗೆ ಬಿಡುವಿರುತ್ತದೆ, ನುಗ್ಗಿ ಬಂದರೆ ಇದ್ದ ಬದುವೂ ಕೊಚ್ಚಿಹೋಗುತ್ತದೆ. ಹಾಗೆಯೇ ಗಡ್ಡೆ ಮೆಲ್ಲನೆ ಬೆಳೆಯುವಾಗ ಮೂಳೆ ಅದರ ಸುತ್ತ ಗಟ್ಟಿ ಗೋಡೆ ಕಟ್ಟುತ್ತದೆ. ಎಕ್ಸ್‌ರೇಯಲ್ಲಿ ಅದು ಪೆನ್ಸಿಲಿನಿಂದ ಎಳೆದಂಥ ಬಿಳಿಯ ಗೆರೆಯಾಗಿ ಕಾಣುತ್ತದೆ. ಗಡ್ಡೆ ವೇಗವಾಗಿ ಹರಡಿದರೆ ಆ ಗೆರೆ ಮೂಡುವುದೇ ಇಲ್ಲ. ಮೂಳೆ ಹುಳು ತಿಂದ ಹಲಗೆಯಂತಾಗಿ, ರೋಗ ಎಲ್ಲಿ ಮುಗಿಯಿತು, ಆರೋಗ್ಯ ಎಲ್ಲಿ ಆರಂಭವಾಯಿತು ಎಂದು ಬೆರಳಿಟ್ಟು ತೋರಿಸಲಾಗುವುದಿಲ್ಲ. ಅಮೆರಿಕದ ವೈದ್ಯ ಗ್ವಿಲಿಮ್ ಲಾಡ್ವಿಕ್ ಮತ್ತು ಸಂಗಡಿಗರು 1980ರಲ್ಲಿ ಈ ಅಂಚುಗಳನ್ನೇ ದರ್ಜೆಗಳಾಗಿ ವಿಂಗಡಿಸಿದರು.

ಮೂಳೆಯನ್ನು ಹೊದ್ದಿರುವ ತೆಳುಪೊರೆಯೂ ಸಾಕ್ಷಿ ನುಡಿಯುತ್ತದೆ. ಗಡ್ಡೆ ಅದನ್ನು ಮೇಲಕ್ಕೆತ್ತಿದಾಗ ಅಂಚಿನಲ್ಲಿ ಹೊಸ ಮೂಳೆಯ ತ್ರಿಕೋನವೊಂದು ಮೂಡಬಹುದು. ಅದಕ್ಕೆ ಶಸ್ತ್ರವೈದ್ಯ ಅರ್ನೆಸ್ಟ್ ಕಾಡ್ಮನ್ ಅವರ ಹೆಸರಿದೆ. ಈರುಳ್ಳಿಯ ಪದರಗಳಂತೆ ಮೂಳೆ ಕಟ್ಟಿಕೊಂಡಿದ್ದರೆ ಯೂಯಿಂಗ್ ಸಾರ್ಕೋಮಾ ಎಂಬ ಮೂಳೆಯ ಕ್ಯಾನ್ಸರ್ ನೆನಪಿಗೆ ಬರುತ್ತದೆ. ಆದರೂ ಇವೆಲ್ಲ ತಿಳಿಸುವುದು ವೇಗವನ್ನೇ ಹೊರತು ಹೆಸರನ್ನಲ್ಲ. ಮೂಳೆಯ ಸೋಂಕು ಕೂಡ ಇದೇ ವೇಷದಲ್ಲಿ ಬರುತ್ತದೆ, ಕ್ಷಯ ಇನ್ನೂ ಸಾಮಾನ್ಯವಾಗಿರುವ ನಮ್ಮ ದೇಶದಲ್ಲಿ ಇದನ್ನು ಮರೆಯುವಂತಿಲ್ಲ.

ಆದ್ದರಿಂದ ವಯಸ್ಸನ್ನೂ ಜಾಗವನ್ನೂ ಜೊತೆಗಿಟ್ಟು ನೋಡಬೇಕಾಗುತ್ತದೆ. ಹದಿಹರೆಯದವರ ಮಂಡಿಯ ಸಮೀಪ ಆಸ್ಟಿಯೋಸಾರ್ಕೋಮಾ ಎಂಬ ಮೂಳೆಯ ಕ್ಯಾನ್ಸರಿನ ಶಂಕೆ ಮೊದಲು ಬರುತ್ತದೆ. 20ರಿಂದ 40ರ ವಯಸ್ಸಿನವರಲ್ಲಿ ಗಡ್ಡೆ ಕೀಲಿನ ಅಂಚಿನವರೆಗೂ ಚಾಚಿದ್ದರೆ, ಸಾಮಾನ್ಯವಾಗಿ ಕ್ಯಾನ್ಸರ್ ಅಲ್ಲದ ಜೈಂಟ್ ಸೆಲ್ ಗಡ್ಡೆಯನ್ನು ಯೋಚಿಸುತ್ತಾರೆ. ನಲವತ್ತು ದಾಟಿದವರಲ್ಲಿ ಬೇರೆ ಅಂಗದ ಕ್ಯಾನ್ಸರ್ ಮೂಳೆಗೆ ಹರಡಿದೆಯೇ, ಮೈಲೋಮಾ ಎಂಬ ಮಜ್ಜೆಯ ಕ್ಯಾನ್ಸರ್ ಇದೆಯೇ ಎಂದು ಮೊದಲು ಹುಡುಕುತ್ತಾರೆ.

ಎಕ್ಸ್‌ರೇಗೂ ಮಿತಿಯಿದೆ. ಮೂಳೆಯ ಖನಿಜಾಂಶ ಶೇ. 30ರಿಂದ 50ರಷ್ಟು ಕರಗುವವರೆಗೆ ಹಾನಿ ಕಣ್ಣಿಗೆ ಬೀಳದಿರಬಹುದು, ಬೆನ್ನುಮೂಳೆಯಲ್ಲಂತೂ ಇನ್ನೂ ಕಷ್ಟ. ಮಗುವಿಗೆ ಒಂದೇ ಕಡೆ ವಾರಗಟ್ಟಲೆ ನೋವಿದ್ದು, ಅದು ರಾತ್ರಿ ನಿದ್ದೆ ಕೆಡಿಸುತ್ತಿದ್ದರೆ, ಎಕ್ಸ್‌ರೇ ಸರಿಯಿದೆಯೆಂದು ಸುಮ್ಮನಾಗಬಾರದು. ಊತವನ್ನು ಎಣ್ಣೆ ಹಚ್ಚಿ ತಿಕ್ಕಿಸುತ್ತ ತಿಂಗಳುಗಳನ್ನು ಕಳೆಯುವುದಂತೂ ಅಪಾಯಕಾರಿ.

ಎಂಆರ್‌ಐಯ ನಿಜವಾದ ಬಲ ವ್ಯಾಪ್ತಿಯನ್ನು ಅಳೆಯುವುದರಲ್ಲಿದೆ: ಮಜ್ಜೆಯೊಳಗೆ ಗಡ್ಡೆ ಎಷ್ಟು ದೂರ ಹಬ್ಬಿದೆ, ನರ ಮತ್ತು ರಕ್ತನಾಳಗಳನ್ನು ಮುಟ್ಟಿದೆಯೇ, ಅದೇ ಮೂಳೆಯಲ್ಲಿ ದೂರ ಇನ್ನೊಂದು ತುಣುಕು ಅಡಗಿದೆಯೇ ಎಂಬುದನ್ನು ಅದು ತೋರಿಸುತ್ತದೆ. ಪರೀಕ್ಷೆಗಾಗಿ ಸೂಜಿಯಿಂದ ಗಡ್ಡೆಯ ತುಣುಕು ತೆಗೆಯುವ ಬಯಾಪ್ಸಿಯ ನಂತರ ರಕ್ತಸ್ರಾವ ಮತ್ತು ಊತದಿಂದ ಚಿತ್ರ ಕಲಸಿಹೋಗುವುದರಿಂದ ಎಂಆರ್‌ಐಯನ್ನು ಅದಕ್ಕೂ ಮುನ್ನವೇ ಮಾಡಿಸಬೇಕು. ಸೂಜಿ ಹಾದುಹೋದ ದಾರಿಯಲ್ಲಿ ಕ್ಯಾನ್ಸರ್ ಕೋಶಗಳು ಉಳಿಯಬಹುದಾದ್ದರಿಂದ, ಮುಂದೆ ಶಸ್ತ್ರಚಿಕಿತ್ಸೆ ಮಾಡುವ ವೈದ್ಯರೇ ಆ ದಾರಿಯನ್ನು ನಿರ್ಧರಿಸುವುದು ಸೂಕ್ತ. ಅವಸರದ ಒಂದು ಚುಚ್ಚು ಉಳಿಸಬಹುದಾಗಿದ್ದ ಕಾಲನ್ನು ಕಳೆದೀತು.

ಎಲ್ಲ ಗಡ್ಡೆಗೂ ಸೂಜಿ ಬೇಕಿಲ್ಲ ಎಂಬುದೂ ಅಷ್ಟೇ ಮುಖ್ಯ. ಆಟದಲ್ಲಿ ಬಿದ್ದ ಮಗುವಿನ ಎಕ್ಸ್‌ರೇಯಲ್ಲಿ ಮಂಡಿಯ ಬಳಿ, ಬಿಳಿಯ ಅಂಚಿರುವ ಚಿಕ್ಕ ಕಪ್ಪು ಕಲೆಯೊಂದು ಆಕಸ್ಮಿಕವಾಗಿ ಕಾಣಬಹುದು. ಅದು ನಾನ್‌ ಆಸಿಫೈಯಿಂಗ್ ಫೈಬ್ರೋಮಾ ಎಂಬ ಕ್ಯಾನ್ಸರ್ ಅಲ್ಲದ ಗಡ್ಡೆ ಎಂದು ಅನುಭವಿ ರೇಡಿಯಾಲಜಿಸ್ಟ್ ನೋಡಿದ ಕೂಡಲೇ ಗುರುತಿಸಿ, ಮುಟ್ಟಬೇಡಿ ಎಂದು ಬರೆಯುತ್ತಾರೆ. ಮಗು ದೊಡ್ಡದಾಗುತ್ತಿದ್ದಂತೆ ಆ ಜಾಗ ಸಾಮಾನ್ಯವಾಗಿ ತಾನಾಗಿಯೇ ಮೂಳೆಯಿಂದ ತುಂಬಿಕೊಳ್ಳುತ್ತದೆ.