ಪ್ರಾಗ್‌ನಲ್ಲಿ ಒಂದೇ ದಿನ: ಗುಡ್ಡದ ಮೇಲಿಂದ ನಡೆಯಲು ಶುರು ಮಾಡಿ

ಓದುಗರ ಪ್ರಶ್ನೆ: ವಿಯೆನ್ನಾದಿಂದ ಬರ್ಲಿನ್‌ಗೆ ಹೋಗುವ ದಾರಿಯಲ್ಲಿ ನಮಗೆ ಪ್ರಾಗ್‌ನಲ್ಲಿ ಒಂದು ಹಗಲು ಸಿಗುತ್ತದೆ. ಜೊತೆಗೆ ಅಪ್ಪ ಅಮ್ಮ ಇರುತ್ತಾರೆ. ಹಳೇ ಊರನ್ನು ನಡೆದುಕೊಂಡೇ ನೋಡಬಹುದಾ? ಎಲ್ಲಿಂದ ಶುರು ಮಾಡಬೇಕು?

ಉತ್ತರ: ಧಾರಾಳವಾಗಿ ನೋಡಬಹುದು. ಮುಖ್ಯ ಜಾಗಗಳನ್ನೆಲ್ಲ ಸೇರಿಸಿದರೂ ದಾರಿ ಆರು ಕಿಲೋಮೀಟರ್ ಆಸುಪಾಸು. ಅಲ್ಲಿ ಇಲ್ಲಿ ಸುತ್ತಾಡಿದರೆ ಸ್ವಲ್ಪ ಜಾಸ್ತಿ ಆಗಬಹುದು. ಕಷ್ಟ ಇರುವುದು ದೂರದಲ್ಲಲ್ಲ, ಏರಿನಲ್ಲಿ. ಬಹಳ ಜನ ಗಡಿಯಾರದ ಚೌಕದಿಂದ ಹೊರಟು, ಸೇತುವೆ ದಾಟಿ, ಮಧ್ಯಾಹ್ನ ಕಾಲು ಸೋತ ಹೊತ್ತಿಗೆ ಕೋಟೆಯ ಏರು ಹತ್ತುತ್ತಾರೆ. ನೀವು ಅದನ್ನೇ ತಿರುಗಿಸಿ. ಮೇಲಕ್ಕೆ ಟ್ರಾಮ್‌ನಲ್ಲಿ ಹೋಗಿ, ಕೆಳಕ್ಕೆ ನಡೆದು ಬನ್ನಿ. ಅಪ್ಪ ಅಮ್ಮ ಜೊತೆಗಿದ್ದರಂತೂ ಬೇರೆ ಯೋಚನೆಯೇ ಬೇಡ.

ಲಗೇಜನ್ನು ಮುಖ್ಯ ರೈಲು ನಿಲ್ದಾಣದ ಲಾಕರ್‌ನಲ್ಲಿ ಇಡಿ. ಅಲ್ಲೇ ಮೆಟ್ರೋ ಸಿ ಲೈನ್ ಹಿಡಿದು ಎರಡು ಸ್ಟಾಪ್ ಆಚೆಯ ಐ.ಪಿ. ಪಾವ್ಲೋವಾದಲ್ಲಿ ಇಳಿದರೆ 22ನೇ ನಂಬರ್ ಟ್ರಾಮ್ ಸಿಗುತ್ತದೆ. ಪೊಹೊರ್ಜೆಲೆಟ್ಸ್ ಸ್ಟಾಪ್‌ನಲ್ಲಿ ಇಳಿಯಿರಿ. ಕಾಗದದ ಟಿಕೆಟ್ ತಗೊಂಡರೆ ಹಳದಿ ಯಂತ್ರದಲ್ಲಿ ಮುದ್ರೆ ಹಾಕುವುದನ್ನು ಮರೆಯಬೇಡಿ. ಮುದ್ರೆ ಇಲ್ಲದ ಟಿಕೆಟ್‌ಗೂ ದಂಡ ಬೀಳುತ್ತದೆ.

ಸ್ಟಾಪ್‌ನಿಂದ ನಾಲ್ಕು ಹೆಜ್ಜೆ ನಡೆದರೆ ಸ್ತ್ರಾಹೋವ್ ಮಠ. 1143ರಲ್ಲಿ ಶುರುವಾದದ್ದು. ಅದರ ಪಕ್ಕದ ಕಟ್ಟೆಯಿಂದ ಊರು ಪೂರ್ತಿ ಕಾಣುತ್ತದೆ: ಕೆಂಪು ಹೆಂಚಿನ ಮನೆಗಳು, ಚರ್ಚ್ ಗೋಪುರಗಳು, ಎಡಕ್ಕೆ ಕೋಟೆ. ಇಲ್ಲಿಂದ ವ್ಲ್ಟಾವಾ ನದಿಯವರೆಗೆ ಸುಮಾರು 100 ಮೀಟರ್ ಇಳಿಯುತ್ತೀರಿ.

ಕೋಟೆಯ ಅಂಗಳಗಳಿಗೆ ಟಿಕೆಟ್ ಇಲ್ಲ. ಒಳಗಿನ ಕಟ್ಟಡಗಳಿಗೆ ಇದೆ. ಕೋಟೆಯೊಳಗಿನ ದೊಡ್ಡ ಚರ್ಚ್, ಅಂದರೆ ಕೆಥೆಡ್ರಲ್ ಮಾತ್ರ ಬಿಡಬೇಡಿ. 1344ರಲ್ಲಿ ಶುರುವಾದ ಕೆಲಸ ಮುಗಿದದ್ದು 1929ರಲ್ಲಿ. ನಡುವೆ ಯುದ್ಧ ಬಂತು, ದುಡ್ಡು ನಿಂತಿತು, ಅರ್ಧ ಚರ್ಚಿನಲ್ಲೇ ನೂರಾರು ವರ್ಷ ಪೂಜೆ ನಡೆಯಿತು. ಒಳಗೆ ಹೋದಾಗ ಎಡಗಡೆಯ ಸಾಲಿನಲ್ಲಿ ಅಲ್ಫೋನ್ಸ್ ಮೂಖಾ ರಚಿಸಿದ ಬಣ್ಣದ ಗಾಜಿನ ಕಿಟಕಿ ಹುಡುಕಿ. ಭಾನುವಾರ ಬೆಳಿಗ್ಗೆ ಪ್ರಾರ್ಥನೆ ಇರುವುದರಿಂದ ಮಧ್ಯಾಹ್ನದವರೆಗೆ ಪ್ರವಾಸಿಗರನ್ನು ಬಿಡುವುದಿಲ್ಲ.

ಕೆಥೆಡ್ರಲ್ ಎದುರಿನ ಹಳೇ ಅರಮನೆಯ ಕಿಟಕಿಯಿಂದಲೇ 1618ರ ಮೇ 23ರಂದು ಪ್ರೊಟೆಸ್ಟೆಂಟ್ ಮುಖಂಡರು ರಾಜನ ಇಬ್ಬರು ಅಧಿಕಾರಿಗಳನ್ನೂ ಅವರ ಕಾರ್ಯದರ್ಶಿಯನ್ನೂ ಹೊರಗೆ ಎಸೆದರು. ಮೂವರೂ ಬದುಕಿದರು. ಆದರೆ ಅಲ್ಲಿಂದ ಹೊತ್ತಿದ ಜಗಳ ಯುರೋಪನ್ನು 30 ವರ್ಷ ಸುಟ್ಟಿತು. ಇದನ್ನು ನೆನಪಿಟ್ಟುಕೊಳ್ಳಿ, ಕೆಳಗೆ ಚೌಕದಲ್ಲಿ ಬೇಕಾಗುತ್ತದೆ.

ಕೋಟೆಯಿಂದ ನೆರುದೋವಾ ಬೀದಿ ಹಿಡಿದು ಇಳಿಯಿರಿ. ಕಲ್ಲು ಹಾಸಿದ ಇಳಿಜಾರು, ಮಳೆ ಬಂದರೆ ಜಾರುತ್ತದೆ. ಮೊಣಕಾಲು ನೋವಿನವರು ನಿಧಾನವಾಗಿ ಬರಲಿ, ಶೂ ಗಟ್ಟಿ ಇರಲಿ. ಈ ಬೀದಿಯಲ್ಲಿ ಬಾಗಿಲ ಮೇಲೆ ನೋಡುತ್ತಾ ನಡೆಯಬೇಕು. ಒಂದು ಮನೆಗೆ ಮೂರು ಪಿಟೀಲು, ಇನ್ನೊಂದಕ್ಕೆ ಎರಡು ಸೂರ್ಯ. 1770ರಲ್ಲಿ ಮನೆ ನಂಬರ್ ಬರುವ ಮುಂಚೆ ವಿಳಾಸ ಅಂದರೆ ಈ ಗುರುತೇ. ಈಗ ಒಂದೊಂದು ಮನೆಗೂ ಎರಡು ನಂಬರ್ ಫಲಕ ಇವೆ. ಕೆಂಪಿನದು ಆ ಭಾಗದಲ್ಲಿ ಕಟ್ಟಡ ದಾಖಲಾದ ಸಂಖ್ಯೆ, ನೀಲಿಯದು ಬೀದಿಯಲ್ಲಿ ಸಾಲಾಗಿ ಬರುವ ಸಂಖ್ಯೆ. ನೀವು ಹೋಟೆಲ್ ಹುಡುಕುವಾಗ ನೋಡಬೇಕಾದ್ದು ನೀಲಿಯನ್ನು.

ಇಳಿದರೆ ಚಾರ್ಲ್ಸ್ ಸೇತುವೆ. 1357ರಲ್ಲಿ ನಾಲ್ಕನೇ ಚಾರ್ಲ್ಸ್ ಅಡಿಗಲ್ಲು ಹಾಕಿದ. ಉದ್ದ ಅರ್ಧ ಕಿಲೋಮೀಟರ್‌ಗಿಂತ ಸ್ವಲ್ಪ ಜಾಸ್ತಿ, ಎರಡೂ ಕಡೆ ಸೇರಿ 30 ಶಿಲ್ಪ. ಮಧ್ಯಾಹ್ನ ಭಾರೀ ನೂಕುನುಗ್ಗಲು, ಪರ್ಸ್ ಹುಷಾರು. ಶಿಲ್ಪಗಳನ್ನೆಲ್ಲ ನೋಡುತ್ತಾ ನಿಲ್ಲಬೇಡಿ, ನೆಪೊಮುಕ್‌ನ ಯೋಹಾನ ಎಂಬ ಪಾದ್ರಿಯ ಶಿಲ್ಪದ ಹತ್ತಿರ ನಿಂತರೆ ಸಾಕು. 1393ರಲ್ಲಿ ರಾಜನ ಅಪ್ಪಣೆಯಂತೆ ಅವನನ್ನು ಇದೇ ನದಿಗೆ ಎಸೆದರು. ಕೆಳಗಿನ ಕಂಚಿನ ಫಲಕ ಜನರ ಕೈ ತಾಗಿ ತಾಗಿ ಹೊಳೆಯುತ್ತದೆ.

ಆಮೇಲೆ ಹಳೇ ಊರಿನ ಚೌಕ. ಇಲ್ಲಿ ಆತುರ ಬೇಡ. 1410ರ ಗಡಿಯಾರ ಗಂಟೆಗೊಮ್ಮೆ ಬಾರಿಸುವಾಗ ಅಸ್ಥಿಪಂಜರ ಹಗ್ಗ ಎಳೆಯುತ್ತದೆ, ಕಿಟಕಿಯಲ್ಲಿ ಯೇಸುವಿನ ಹನ್ನೆರಡು ಶಿಷ್ಯರಾದ ಅಪೊಸ್ತಲರ ಗೊಂಬೆಗಳು ಸಾಗುತ್ತವೆ, ಕೋಳಿ ಕೂಗುತ್ತದೆ. ಅಷ್ಟು ನೋಡಿ ಜನ ಹೊರಟುಬಿಡುತ್ತಾರೆ. ನನ್ನ ಪ್ರಕಾರ ನೋಡಬೇಕಾದ್ದು ಅವರು ಹೋದ ಮೇಲೆ ಉಳಿಯುವ ಮುಖಫಲಕ. ಪಂಚಾಂಗ ನೋಡಿ ಗೊತ್ತಿರುವ ನಮಗೆ ಅದನ್ನು ಓದುವುದು ಕಷ್ಟವಲ್ಲ. ಮುಳ್ಳಿನ ಮೇಲಿನ ಚಿನ್ನದ ಸೂರ್ಯ ಹನ್ನೆರಡು ರಾಶಿಯ ಬಳೆಯ ಮೇಲೆ ಎಲ್ಲಿದ್ದಾನೆ ಅಂತ ನೋಡಿ. ಅರ್ಧ ಕಪ್ಪು, ಅರ್ಧ ಬೆಳ್ಳಿ ಬಣ್ಣದ ಪುಟ್ಟ ಗುಂಡು ಚಂದ್ರ. ಅದು ತಿರುಗುತ್ತಾ ವೃದ್ಧಿ, ಕ್ಷಯ ತೋರಿಸುತ್ತದೆ. ಹೊರಗಿನ ಬಳೆಯಲ್ಲಿ 1ರಿಂದ 24ರವರೆಗೆ ಇರುವುದು ಹಳೇ ಬೊಹೀಮಿಯಾದ, ಅಂದರೆ ಪ್ರಾಗ್ ಇರುವ ಸೀಮೆಯ, ಗಂಟೆ. ಅವರು ದಿನವನ್ನು ಸೂರ್ಯಾಸ್ತದಿಂದ ಎಣಿಸುತ್ತಿದ್ದರು, ಹಾಗಾಗಿ ಆ ಬಳೆ ವರ್ಷಪೂರ್ತಿ ಸ್ವಲ್ಪ ಸ್ವಲ್ಪ ಸರಿಯುತ್ತಿರುತ್ತದೆ. ಏಪ್ರಿಲ್ ಮೊದಲ ವಾರ ಹೋದರೆ ಅಲ್ಲಿ ಸೂರ್ಯ ಮೇಷದಲ್ಲಿರುತ್ತಾನೆ, ನಮ್ಮ ಪಂಚಾಂಗದಲ್ಲಿ ಇನ್ನೂ ಮೀನದಲ್ಲೇ. ಅವರದು ಸಾಯನ ಲೆಕ್ಕ, ಅಂದರೆ ಮಾರ್ಚ್‌ನಲ್ಲಿ ಹಗಲು ರಾತ್ರಿ ಸಮವಾಗುವಾಗ ಸೂರ್ಯ ಇರುವ ಬಿಂದುವಿನಿಂದ ರಾಶಿ ಎಣಿಸುವುದು. ನಮ್ಮದು ನಿರಯನ, ನಕ್ಷತ್ರಗಳನ್ನು ಹಿಡಿದು ಎಣಿಸುವುದು. ಎರಡಕ್ಕೂ ಈಗ ಸುಮಾರು 24 ಡಿಗ್ರಿ ಅಂತರ.

ಗಡಿಯಾರದ ಗೋಪುರದ ಪಕ್ಕ ನೆಲ ನೋಡಿ. ಕಲ್ಲಿನಲ್ಲಿ 27 ಬಿಳಿ ಶಿಲುಬೆ ಕೂರಿಸಿದ್ದಾರೆ. ಮೇಲೆ ಕೋಟೆಯ ಕಿಟಕಿಯಲ್ಲಿ ಶುರುವಾದ ದಂಗೆ ಸೋತ ಮೇಲೆ, 1621ರ ಜೂನ್ 21ರಂದು ಇಲ್ಲಿ 27 ಮಂದಿ ಮುಖಂಡರಿಗೆ ಮರಣದಂಡನೆ ಆಯಿತು. ಎಷ್ಟೋ ಜನ ಗಡಿಯಾರ ನೋಡುತ್ತಾ ಅದರ ಮೇಲೇ ನಡೆದುಹೋಗುತ್ತಾರೆ, ಅದು ನನಗೆ ಬೇಜಾರು.

ಸಮಯ ಉಳಿದರೆ ಹತ್ತಿರದ ಯೆಹೂದಿ ಕೇರಿ ಯೋಸೆಫೋವ್‌ಗೆ ಹೋಗಿ. ಅಲ್ಲಿನ ಪ್ರಾರ್ಥನಾ ಮಂದಿರ ಪಿಂಕಾಸ್ ಸಿನಗಾಗ್‌ನ ಗೋಡೆಗಳ ಮೇಲೆ ನಾಜಿಗಳು ಕೊಂದ ಬೊಹೀಮಿಯಾ, ಮೊರಾವಿಯಾದ ಸುಮಾರು 80,000 ಯೆಹೂದಿಗಳ ಹೆಸರು ಬರೆದಿದ್ದಾರೆ. ಇಡೀ ದಿನದಲ್ಲಿ ಟಿಕೆಟ್ ತಗೊಂಡು ಒಳಗೆ ಹೋಗುವ ಜಾಗ ಎರಡೇ ಇರಲಿ: ಕೆಥೆಡ್ರಲ್ ಮತ್ತು ಇದು. ಮೂರನೆಯದಕ್ಕೆ ಕ್ಯೂ ನಿಂತರೆ ಊರು ತಪ್ಪಿಹೋಗುತ್ತದೆ. ಶನಿವಾರ ಈ ಸಿನಗಾಗ್ ಮುಚ್ಚಿರುತ್ತದೆ.

ಊಟಕ್ಕೆ ಚೌಕದಿಂದ ಎರಡು ಬೀದಿ ಆಚೆ ಹೋಗಿ, ಬೆಲೆ ಕಡಿಮೆಯಾಗುತ್ತದೆ. ಮಾಂಸ ತಿನ್ನದವರಿಗೆ ಕರಿದ ಚೀಸ್ ಎಲ್ಲ ಕಡೆ ಸಿಗುತ್ತದೆ. ಆಲೂಗಡ್ಡೆಯ ದೋಸೆಯಂಥ ಬ್ರಂಬೊರಾಕ್‌ಗೆ ಮೊಟ್ಟೆ ಹಾಕುತ್ತಾರೆ, ಕೆಲವೊಮ್ಮೆ ಹಂದಿ ಕೊಬ್ಬಿನಲ್ಲಿ ಕರಿಯುತ್ತಾರೆ, ಕೇಳಿಕೊಳ್ಳಿ. ಅಲ್ಲಿನ ಹಣ ಕೊರುನಾ. ಬೀದಿಯಲ್ಲಿ ನೋಟು ಬದಲಿಸುವವರ ಹತ್ತಿರ ಹೋಗಲೇಬೇಡಿ, ಕಾರ್ಡ್ ಸಾಕು.

ಡಿಸೆಂಬರ್‌ನಲ್ಲಿ ನಾಲ್ಕು ಗಂಟೆಗೆಲ್ಲ ಕತ್ತಲಾಗುತ್ತದೆ, ಅದಕ್ಕೆ ಬೆಳಿಗ್ಗೆ ಬೇಗ ಹೊರಡಿ. ಜೂನ್‌ನಲ್ಲಾದರೆ ಒಂಬತ್ತರವರೆಗೂ ಬೆಳಕು. ಸಂಜೆ ವೆನ್ಸಸ್ಲಾಸ್ ಚೌಕದ ಮೂಲಕ ನ್ಯಾಷನಲ್ ಮ್ಯೂಸಿಯಂ ಕಡೆ ನಡೆಯಿರಿ. 1989ರ ನವೆಂಬರ್‌ನಲ್ಲಿ ಕಮ್ಯುನಿಸ್ಟ್ ಆಡಳಿತ ಬೇಡ ಅಂತ ಲಕ್ಷಾಂತರ ಜನ ಸೇರಿದ್ದು ಇಲ್ಲೇ. ಇದೊಂದು ಸಣ್ಣ ಏರು, ಸುಸ್ತಾದವರಿಗೆ ಮೆಟ್ರೋ ಇದೆ. ಮ್ಯೂಸಿಯಂನಿಂದ ರೈಲು ನಿಲ್ದಾಣಕ್ಕೆ ಹತ್ತು ನಿಮಿಷದ ನಡಿಗೆ, ಲಾಕರ್‌ನಿಂದ ಲಗೇಜ್ ತೆಗೆಯಲು ಇನ್ನೊಂದು ಕಾಲು ಗಂಟೆ ಇಟ್ಟುಕೊಳ್ಳಿ.