262ನೆಯ ಆಯ್ಕೆ: ಕ್ವಾರ್ಟರ್‌ಬ್ಯಾಕ್‌ನ ಪ್ರತಿಭೆಯನ್ನು ಅಳೆಯುವುದು ಏಕೆ ಕಷ್ಟ?

ಅಮೆರಿಕನ್ ಫುಟ್‌ಬಾಲ್‌ನಲ್ಲಿ ಚೆಂಡು ಕೈಗೆ ಬಂದ ಕ್ಷಣದಿಂದ ಅದನ್ನು ಎಸೆಯುವವರೆಗೆ, ತಂಡದ ದಾಳಿಯನ್ನು ನಡೆಸುವ ಆಟಗಾರನಾದ ಕ್ವಾರ್ಟರ್‌ಬ್ಯಾಕ್‌ಗೆ ಸಿಗುವ ಸಮಯ ಸುಮಾರು ಎರಡೂವರೆಯಿಂದ ಮೂರು ಸೆಕೆಂಡು. ಅಷ್ಟರಲ್ಲಿ ಅವನು ಹಿಂದೆ ಸರಿಯುತ್ತ, ಎದುರಾಳಿಗಳ ರಕ್ಷಣೆ ಆಟಕ್ಕೆ ಮುಂಚೆ ತೋರಿಸಿಕೊಂಡಂತೆಯೇ ಇದೆಯೋ ಅಥವಾ ವೇಷ ಬದಲಿಸಿದೆಯೋ ಎಂದು ಗುರುತಿಸಬೇಕು. ಓಡುತ್ತಿರುವ ಸಹ ಆಟಗಾರರಲ್ಲಿ ಯಾರು ಎದುರಾಳಿಗಳಿಂದ ಬಿಡಿಸಿಕೊಳ್ಳುತ್ತಾರೆಂದು ಊಹಿಸಿ, ಅವರು ಇನ್ನೂ ತಲುಪಿರದ ಜಾಗಕ್ಕೆ ಚೆಂಡು ಬಿಡಬೇಕು. ಇದೆಲ್ಲ ನಡೆಯುವಾಗ 120 ಕಿಲೋ ಮೀರಿದ ದೇಹಗಳು ಅವನನ್ನು ಕೆಡವಲೆಂದೇ ನುಗ್ಗಿ ಬರುತ್ತಿರುತ್ತವೆ.

ಇಂಥ ಕೆಲಸವನ್ನು ಚೆನ್ನಾಗಿ ಮಾಡಬಲ್ಲವರು ಅಮೆರಿಕದ 32 ತಂಡಗಳ ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ಗೆ ಸಾಲುವಷ್ಟು ಸಿಗುವುದಿಲ್ಲ ಎಂಬುದು ಬಹುಕಾಲದ ದೂರು. ಅದರಲ್ಲಿ ಸತ್ಯವಿದೆ. ಆದರೆ ಕೊರತೆಯ ಒಂದು ಪಾಲು ಪ್ರತಿಭೆಯದ್ದಲ್ಲ, ಅದನ್ನು ಗುರುತಿಸುವ ವಿಧಾನದ್ದು ಎಂದು ನನ್ನ ಅಭಿಪ್ರಾಯ.

ಸ್ಯಾನ್ ಫ್ರಾನ್ಸಿಸ್ಕೋ ಫೋರ್ಟಿನೈನರ್ಸ್ ತಂಡದಲ್ಲಿ ನಡೆದದ್ದನ್ನೇ ನೋಡೋಣ. ಕಾಲೇಜು ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ 2021ರ ಡ್ರಾಫ್ಟ್‌ನಲ್ಲಿ 12ನೆಯ ಸರದಿಯಿಂದ ಮೂರನೆಯದಕ್ಕೆ ಏರಲು ಆ ತಂಡ ಮುಂದಿನ ಎರಡು ವರ್ಷಗಳ ಮೊದಲ ಸುತ್ತಿನ ಆಯ್ಕೆಗಳನ್ನೂ ಬಿಟ್ಟುಕೊಟ್ಟು, ಟ್ರೇ ಲ್ಯಾನ್ಸ್ ಎಂಬ ಯುವಕನನ್ನು ತಂದಿತು. ಬಲವಾದ ತೋಳು, ಚುರುಕಾದ ಕಾಲು ಅವನಿಗಿದ್ದವು. ಆದರೆ ಹಿಂದಿನ ವರ್ಷ ಕೋವಿಡ್‌ನಿಂದಾಗಿ ಅವನು ಆಡಿದ್ದು ಒಂದೇ ಪಂದ್ಯ. ಮರುವರ್ಷ ಅದೇ ತಂಡ 262ನೆಯ, ಅಂದರೆ ಇಡೀ ಡ್ರಾಫ್ಟ್‌ನ ಕಟ್ಟಕಡೆಯ ಆಯ್ಕೆಯಲ್ಲಿ ಬ್ರಾಕ್ ಪರ್ಡಿಯನ್ನು ತೆಗೆದುಕೊಂಡಿತು. 2022ರ ಋತುವಿನಲ್ಲಿ ಮೊದಲು ಲ್ಯಾನ್ಸ್, ನಂತರ ಜಿಮ್ಮಿ ಗರಾಪಲೋ ಗಾಯಗೊಂಡದ್ದರಿಂದ ಪರ್ಡಿಗೆ ಅವಕಾಶ ಒದಗಿತು. 2023ರ ಆಗಸ್ಟ್‌ನಲ್ಲಿ ಲ್ಯಾನ್ಸ್‌ನನ್ನು ಕೇವಲ ನಾಲ್ಕನೆಯ ಸುತ್ತಿನ ಒಂದು ಆಯ್ಕೆಗೆ ಡಲ್ಲಾಸ್ ತಂಡಕ್ಕೆ ಕೊಟ್ಟುಬಿಟ್ಟರು. 2024ರ ಫೆಬ್ರುವರಿಯಲ್ಲಿ ಪರ್ಡಿ ತಂಡವನ್ನು ಲೀಗ್‌ನ ಅಂತಿಮ ಪಂದ್ಯವಾದ ಸೂಪರ್ ಬೌಲ್‌ಗೆ ಮುಟ್ಟಿಸಿದ್ದ. ಇಬ್ಬರು ಗಾಯಗೊಳ್ಳದಿದ್ದರೆ ಅವನ ಹೆಸರು ನಾವು ಕೇಳುತ್ತಲೇ ಇರಲಿಲ್ಲವೇನೋ.

ಡ್ರಾಫ್ಟ್‌ಗೆ ಮುಂಚೆ ಅಳೆಯುವುದು ಸುಲಭವಾಗಿ ಅಳೆಯಬಹುದಾದದ್ದನ್ನು: ಎತ್ತರ, ಅಂಗೈ ಅಗಲ, 40 ಗಜದ ಓಟ. 12 ನಿಮಿಷದಲ್ಲಿ 50 ಪ್ರಶ್ನೆ ಉತ್ತರಿಸುವ ವಂಡರ್‌ಲಿಕ್ ಬುದ್ಧಿಪರೀಕ್ಷೆಯೂ ದಶಕಗಳ ಕಾಲ ಇತ್ತು, 2022ರಲ್ಲಿ ಅದನ್ನು ಕೈಬಿಟ್ಟರು. ಈ ಅಂಕಿಗಳಿಗೂ ಮುಂದಿನ ಆಟಕ್ಕೂ ನಂಟು ತೀರಾ ತೆಳುವಾಗಿ ಕಾಣುವುದಕ್ಕೆ ಸಂಖ್ಯಾಶಾಸ್ತ್ರದಲ್ಲಿ ಒಂದು ವಿವರಣೆಯಿದೆ. ಬ್ಯಾಸ್ಕೆಟ್‌ಬಾಲ್‌ಗೆ ಎತ್ತರ ಬೇಕು ನಿಜ. ಆದರೆ ಎತ್ತರದವರನ್ನೇ ಆರಿಸಿ ಕಟ್ಟಿದ ತಂಡದೊಳಗೆ ಯಾರು ಹೆಚ್ಚು ಅಂಕ ಗಳಿಸುತ್ತಾರೆಂಬುದನ್ನು ಎತ್ತರ ಹೇಳಲಾರದು. ಹಾಗೆಯೇ, ಈ ಹಂತಕ್ಕೆ ಬಂದವರೆಲ್ಲ ಆಗಲೇ ಒಂದು ಜರಡಿಯಲ್ಲಿ ಸೋಸಿ ಬಂದವರಾದ್ದರಿಂದ, ಅದೇ ಅಳತೆಗಳಲ್ಲಿ ಉಳಿದಿರುವ ಸಣ್ಣ ವ್ಯತ್ಯಾಸಗಳಿಗೆ ಅರ್ಥ ಕಡಿಮೆ. ಸೋಸದೆ ಉಳಿಯುವ ಗುಣವೆಂದರೆ ಆ ಎರಡೂವರೆ ಸೆಕೆಂಡಿನ ತೀರ್ಮಾನ, ಅದಕ್ಕೆ ಪಟ್ಟಿ ಹಿಡಿದು ಅಳೆಯಲಾಗದು.

ಆಟ ಶುರುವಾದ ಮೇಲಾದರೂ ಸ್ಪಷ್ಟವಾಗುತ್ತದೆಯೇ ಎಂದರೆ, ಅಷ್ಟು ಸುಲಭವಲ್ಲ. 1973ರಿಂದ ಬಳಕೆಯಲ್ಲಿರುವ, ಎಸೆತಗಾರರಿಗೆ ಗರಿಷ್ಠ 158.3 ಅಂಕ ಕೊಡುವ ‘ಪಾಸರ್ ರೇಟಿಂಗ್’ ಎಂಬ ಲೆಕ್ಕಾಚಾರದ ಪ್ರಕಾರ, ಎರಡು ಗಜದ ಸಲೀಸು ಪಾಸ್ ಹಿಡಿದು ಸಹ ಆಟಗಾರ 60 ಗಜ ಓಡಿದರೆ ಅಷ್ಟೂ ಗಜ ಎಸೆದವನ ಲೆಕ್ಕಕ್ಕೆ ಸೇರುತ್ತವೆ. ಚೆಂಡು ಎಸೆಯುವ ಮುನ್ನವೇ ಸಿಕ್ಕಿಬಿದ್ದರೆ ಲೆಕ್ಕಕ್ಕೇ ಬರುವುದಿಲ್ಲ. ಈಗ ಆಟಗಾರರ ಭುಜಕವಚದೊಳಗಿನ ಚಿಪ್‌ಗಳಿಂದ ಪ್ರತಿಯೊಬ್ಬರ ಸ್ಥಾನ ತಿಳಿಯುವುದರಿಂದ, ಒಂದು ಪಾಸ್ ಎಷ್ಟು ಕಠಿಣವಾಗಿತ್ತೆಂದು ಅಂದಾಜಿಸಬಹುದು. ಆದರೂ ತರಬೇತುದಾರರು ಯಾರನ್ನು ಮೊದಲು ನೋಡಲು ಹೇಳಿದ್ದರು ಎಂಬುದು ಚಿಪ್‌ಗೆ ಗೊತ್ತಿಲ್ಲ.

ಆದ್ದರಿಂದಲೇ ಪರ್ಡಿಯ ಬಗ್ಗೆ ವಾದ ಇನ್ನೂ ಮುಗಿದಿಲ್ಲ: ಗೆಲುವು ಅವನದ್ದೋ, ಕೋಚ್ ಕೈಲ್ ಶಾನಹನ್ ರೂಪಿಸಿದ ತಂತ್ರದ್ದೋ, ಸುತ್ತಲಿದ್ದ ಕ್ರಿಶ್ಚಿಯನ್ ಮೆಕ್‌ಕ್ಯಾಫ್ರಿ, ಜಾರ್ಜ್ ಕಿಟಲ್‌ರಂಥವರದ್ದೋ? ಮೊದಲ ಮೂರು ವರ್ಷ ಅವನ ಸಂಬಳ ವರ್ಷಕ್ಕೆ 10 ಲಕ್ಷ ಡಾಲರಿಗೂ ಕಡಿಮೆಯಿದ್ದದ್ದರಿಂದಲೇ ಅಂಥ ದುಬಾರಿ ಆಟಗಾರರನ್ನು ಉಳಿಸಿಕೊಳ್ಳುವುದು ಸುಲಭವಾಗಿತ್ತು. 2025ರ ಮೇ ತಿಂಗಳಲ್ಲಿ ತಂಡ ಅವನೊಂದಿಗೆ ಐದು ವರ್ಷಕ್ಕೆ 26.5 ಕೋಟಿ ಡಾಲರ್‌ವರೆಗಿನ ಒಪ್ಪಂದ ಮಾಡಿಕೊಂಡಿತು. ಇಡೀ ತಂಡದ ಸಂಬಳಕ್ಕೆ ಆ ವರ್ಷ ಲೀಗ್ ವಿಧಿಸಿದ್ದ ಮಿತಿ 27.92 ಕೋಟಿ ಡಾಲರ್.