ಕಿವಿರು ಕೆಂಪಗಿದ್ದರೆ ಸಾಕೇ?

ಮುನಿರಾಬಾದಿನಲ್ಲಿ ತುಂಗಭದ್ರಾ ಡ್ಯಾಮಿನ ಮೀನು ಕೊಳ್ಳುವಾಗ ನಾವೆಲ್ಲ ಕಿವಿರಿನ ಮುಚ್ಚಳ ಎತ್ತಿ ನೋಡುತ್ತೇವೆ. ಕೆಂಪಗಿದ್ದರೆ ಚೀಲಕ್ಕೆ. ಮೀನು ತಾಜಾ ಅನ್ನೋದಕ್ಕೆ ಅದು ಒಳ್ಳೆ ಗುರುತು. ಮೀನಿನ ರಕ್ತ ಚೆನ್ನಾಗಿದೆ ಅನ್ನೋದಕ್ಕೆ ಅಲ್ಲ.

ನೀರಿನ ಬಣ್ಣವೂ ಹಾಗೇ. ಮಳೆಗಾಲದಲ್ಲಿ ಸಂಡೂರಿನ ಗುಡ್ಡಗಳಿಂದ ಇಳಿಯುವ ಕೆಂಪು ಹಳ್ಳ ನೋಡಿದರೆ ಭಯವಾಗುತ್ತದೆ. ಆ ಕೆಂಪು ಹೆಚ್ಚಾಗಿ ಕಬ್ಬಿಣದ್ದು. ಮೀನಿನ ರಕ್ತ ಕೆಡಿಸುವ ಲೋಹಗಳು ಬೇರೆ. ಕರಗಿದ ಸೀಸಕ್ಕೆ, ಕ್ಯಾಡ್ಮಿಯಂಗೆ ಬಣ್ಣವೇ ಇಲ್ಲ. ಹಳೆ ಬ್ಯಾಟರಿ, ಕಲ್ಲಿದ್ದಲ ಬೂದಿ, ಕಾರ್ಖಾನೆಯ ಕೊಳಚೆಯಿಂದ ಬಂದು ತಿಳಿನೀರಿನಲ್ಲೇ ಇದ್ದುಬಿಡುತ್ತವೆ.

ಮೀನು ಕೊಯ್ದುಕೊಡುವ ಅಕ್ಕ ಹೊಟ್ಟೆ ಸೀಳಿದ ಮೇಲೆ ಬೆನ್ನುಮೂಳೆಗೆ ಅಂಟಿದ ಕಪ್ಪುಗೆಂಪು ಪಟ್ಟಿಯನ್ನು ಕೆರೆದು ಎಸೆಯುತ್ತಾಳಲ್ವಾ? ಹೆಪ್ಪುಗಟ್ಟಿದ ರಕ್ತ ಅಂದುಕೊಂಡಿರುತ್ತೇವೆ. ಅದು ಮೀನಿನ ಮೂತ್ರಪಿಂಡ. ನಮ್ಮ ರಕ್ತಕಣ ಹುಟ್ಟುವುದು ಮೂಳೆಯ ಮಜ್ಜೆಯಲ್ಲಿ. ಮೀನಿನದು ಮುಖ್ಯವಾಗಿ ಈ ಪಟ್ಟಿಯಲ್ಲಿ, ತಲೆಯ ಕಡೆಯ ತುದಿಯಲ್ಲಿ. ಕ್ಯಾಡ್ಮಿಯಂ ಜಾಸ್ತಿ ಸೇರಿಕೊಳ್ಳುವ ಅಂಗಗಳಲ್ಲಿ ಮೂತ್ರಪಿಂಡವೂ ಒಂದು. ಅಡುಗೆಮನೆಯೂ ಬಚ್ಚಲೂ ಒಂದೇ ಕೋಣೆಯಲ್ಲಿದ್ದ ಹಾಗಾಯಿತು!

ಸೀಸದ ಕೆಲಸ ಇನ್ನೂ ಸೂಕ್ಷ್ಮ. ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್ನಿನ ಒಳಗೆ ಹೀಮ್ ಅನ್ನುವ ಭಾಗ ಇರುತ್ತದೆ. ಅದನ್ನು ಕಟ್ಟಲು ಶುರುಮಾಡುವಾಗ ಅಲಾಡ್ ಅನ್ನುವ ಕಿಣ್ವ ಎರಡು ಪುಟ್ಟ ಅಣುಗಳನ್ನು ಬೆಸೆಯಬೇಕು. ಆ ಕಿಣ್ವಕ್ಕೆ ಸತು ಬೇಕೇಬೇಕು. ಸೀಸ ಬಂದು ಸತುವಿನ ಜಾಗದಲ್ಲಿ ಕೂತುಬಿಡುತ್ತದೆ. ಬೇರೆ ಕೀಲಿ ಬೀಗದೊಳಗೆ ಮುರಿದು ಉಳಿದ ಹಾಗೆ. ಅಥವಾ ರೊಟ್ಟಿ ಬಡಿಯುವ ಕೈಯನ್ನು ಯಾರೋ ಹಿಡಿದುಕೊಂಡ ಹಾಗೆ. ಹಿಟ್ಟು ನಾದಿದೆ, ಹಂಚು ಕಾದಿದೆ, ರೊಟ್ಟಿ ಮಾತ್ರ ಇಲ್ಲ. ಹೀಮ್‌ಗೆ ಕಡೆಗೆ ಬೇಕಾದದ್ದು ಕಬ್ಬಿಣ. ಆದರೆ ಕಬ್ಬಿಣದ ನೀರಿನಲ್ಲೇ ಈಜುವ ಮೀನಿಗೂ ಸೀಸದಿಂದ ರಕ್ತಹೀನತೆ ಬರಬಹುದು. ಇದನ್ನು ಮೊದಲು ತಿಳಿದಾಗ ನನಗೆ ಆ ರಾತ್ರಿ ಬೇರೇನೂ ಓದಲಾಗಲಿಲ್ಲ.

ಹುಣಸೆಹಣ್ಣು, ಅರಿಸಿನ ಹಾಕಿ ಕುದಿಸಿದರೆ ಎಲ್ಲ ವಿಷ ಹೋಗುತ್ತೆ ಅನ್ನುವವರಿದ್ದಾರೆ. ದಯವಿಟ್ಟು ನಂಬಬೇಡಿ. ಸೀಸ ಕ್ರಿಮಿಯಲ್ಲ, ಬೆಂಕಿಗೆ ಸಾಯುವುದಿಲ್ಲ.

ಹಾಗಾದರೆ ಮೀನಿನ ರಕ್ತ ಕೆಟ್ಟಿದೆಯಾ ಅಂತ ನೋಡೋದು ಹೇಗೆ? ನಮ್ಮ ಕೆಂಪು ರಕ್ತಕಣದಲ್ಲಿ ನ್ಯೂಕ್ಲಿಯಸ್, ಅಂದರೆ ಕೋಶಕೇಂದ್ರ, ಇರುವುದಿಲ್ಲ, ಮೀನಿನದರಲ್ಲಿ ಇರುತ್ತದೆ. 1831ರಲ್ಲಿ ಸಸ್ಯವಿಜ್ಞಾನಿ ರಾಬರ್ಟ್ ಬ್ರೌನ್ ಆ ಹೆಸರಿಡುವ ಎಷ್ಟೋ ಮೊದಲೇ, ತಾನೇ ಮಸೂರ ಉಜ್ಜಿ ಮೈಕ್ರೋಸ್ಕೋಪ್ ಮಾಡಿಕೊಳ್ಳುತ್ತಿದ್ದ ಡಚ್ಚರ ಲೀವೆನ್‌ಹುಕ್ ಅದನ್ನು ಮೀನಿನ ರಕ್ತದಲ್ಲಿ ಕಂಡಿದ್ದ. ಗಾಜಿನ ಮೇಲೆ ಒಂದು ಹನಿ ಸವರಿ, ಬಣ್ಣ ಹಾಕಿ, ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಮೊಟ್ಟೆಯಾಕಾರದ ಕಣಗಳು, ನಡುವೆ ನೇರಳೆ ಚುಕ್ಕೆ, ಅದೇ ನ್ಯೂಕ್ಲಿಯಸ್. ಲೋಹದ ಪೆಟ್ಟು ತಿಂದ ಮೀನಾದರೆ ಅಲ್ಲೊಂದು ಇಲ್ಲೊಂದು ಕಣದಲ್ಲಿ, ಆ ಚುಕ್ಕೆಯ ಪಕ್ಕ ಸಾಸಿವೆಯಂಥ ಇನ್ನೊಂದು ಚುಕ್ಕೆ. ಕಣ ಇಬ್ಭಾಗವಾಗುವಾಗ ನ್ಯೂಕ್ಲಿಯಸ್ಸಿನೊಳಗೆ ಸೇರದೆ ಹೊರಗುಳಿದ ಕ್ರೋಮೋಸೋಮಿನ (ವಂಶವಾಹಿಗಳನ್ನು ಹೊತ್ತ ಎಳೆಯ) ಚೂರು ಅದು.